ಅಂಚಿನಲ್ಲಿ ಉಳಿದವರು

ಸ್ಕಾಟ್ಲೆಂಡಿನ ಹಳೆಯ ಜನನ ನೋಂದಣಿ ಪುಸ್ತಕದ ಒಂದು ಪುಟದಲ್ಲಿ ಸಾಮಾನ್ಯವಾಗಿ ಮೂರು ಮಕ್ಕಳ ಹುಟ್ಟು ದಾಖಲಾಗಿರುತ್ತದೆ. ಅಚ್ಚಿನ ಗೆರೆಗಳು, ಗೆರೆಗಳ ನಡುವೆ ಶಾಯಿಯ ಕೈಬರಹ. ಮಗುವಿನ ಹೆಸರು, ಹುಟ್ಟಿದ ದಿನ, ಸ್ಥಳ, ಗಂಡೋ ಹೆಣ್ಣೋ, ತಂದೆ ತಾಯಿ, ಮಾಹಿತಿ ಕೊಟ್ಟವರ ರುಜು, ಕೊನೆಗೆ ರಿಜಿಸ್ಟ್ರಾರರ ರುಜು. ತಮ್ಮ ಪೂರ್ವಿಕರನ್ನು ಹುಡುಕುತ್ತ ಬಂದವರು ಹೆಸರು, ತಾರೀಖು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗುವುದೇ ಹೆಚ್ಚು. ಅಷ್ಟಕ್ಕೇ ಬಂದವರಿಗೆ ಅಷ್ಟು ಸಾಕು. ನನ್ನ ಕಣ್ಣು ಮಾತ್ರ ಬೇರೆ ಕಡೆ ನಿಲ್ಲುತ್ತದೆ: ಎಡ ಅಂಚಿನಲ್ಲಿ ಇಕ್ಕಟ್ಟಾಗಿ ಬರೆದ ಒಂದು ಸಾಲು, ರುಜುವಿನ ಜಾಗದಲ್ಲಿ ಎಳೆದ ಎರಡು ಅಡ್ಡಗೀಟು, ಕಂಸದೊಳಗಿನ ಒಂಟಿ ಪದ. ಕಾಲಂಗಳಲ್ಲಿ ಇರುವುದು ಸರ್ಕಾರ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ. ಆ ಉತ್ತರವನ್ನು ಹೇಳಿದವರು ಯಾರು, ಹೇಳುವಾಗ ಅವರು ಎಲ್ಲಿದ್ದರು, ಹೇಳಿ ಹೋದ ಮೇಲೆ ಏನಾಯಿತು ಎನ್ನುವುದೆಲ್ಲ ಈ ಸಣ್ಣ ಗುರುತುಗಳ ಪಾಲಿಗೆ ಬಂದಿದೆ.

ಸ್ಕಾಟ್ಲೆಂಡಿನಲ್ಲಿ ಜನನ, ವಿವಾಹ, ಮರಣಗಳನ್ನು ಸರ್ಕಾರ ಕಡ್ಡಾಯವಾಗಿ ಬರೆಸತೊಡಗಿದ್ದು 1855ರ ಜನವರಿ 1ರಿಂದ. ಇಂಗ್ಲೆಂಡು ಆ ಕೆಲಸವನ್ನು 1837ರಲ್ಲೇ ಆರಂಭಿಸಿತ್ತು. ಅದಕ್ಕೆ ಮೊದಲು ಸ್ಕಾಟ್ಲೆಂಡಿನಲ್ಲಿ ಇದ್ದದ್ದು ಚರ್ಚುಗಳ ಪುಸ್ತಕಗಳು. ಪರ್ತ್‌ಶೈರಿನ ಎರಲ್ ಎಂಬ ಹಳ್ಳಿಯ ಪುಸ್ತಕ 1553ರಿಂದ ಶುರುವಾಗುತ್ತದೆ. ಉಳಿದಿರುವವುಗಳಲ್ಲಿ ಅದೇ ಹಳೆಯದು. ಆದರೆ ಚರ್ಚಿನ ಪುಸ್ತಕಕ್ಕೆ ಎಲ್ಲರೂ ಸಿಗುತ್ತಿರಲಿಲ್ಲ. 1783ರಲ್ಲಿ ಪ್ರತಿಯೊಂದು ನಮೂದಿಗೂ 3 ಪೆನ್ಸ್ ಸುಂಕ ಹಾಕಿದಾಗ ಬಡವರು ಹಿಂದೆ ಸರಿದರು. 1843ರಲ್ಲಿ ಚರ್ಚೇ ಒಡೆದು ಫ್ರೀ ಚರ್ಚ್ ಹುಟ್ಟಿಕೊಂಡ ಮೇಲೆ, ಹೊರಗೆ ಹೋದವರು ಹಳೆಯ ಚರ್ಚಿನ ಪುಸ್ತಕದಲ್ಲಿ ತಮ್ಮ ಮಕ್ಕಳ ಹೆಸರು ಬರೆಸುವುದಾದರೂ ಏಕೆ? ಹೀಗಾಗಿ 1854ರ ಕಾಯಿದೆ ಬಂದಾಗ ಅದಕ್ಕೆ ಮೊದಲ ರಿಜಿಸ್ಟ್ರಾರ್ ಜನರಲ್ ಆದ ವಿಲಿಯಂ ಪಿಟ್ ಡಂಡಾಸ್ ಮತ್ತು ಅಂಕಿ ಅಂಶಗಳ ಹೊಣೆ ಹೊತ್ತ ಡಾ. ಜೇಮ್ಸ್ ಸ್ಟಾರ್ಕ್ ಅವರ ಮುಂದೆ ಇದ್ದದ್ದು ತಪ್ಪಿಹೋದವರನ್ನೆಲ್ಲ ಒಳಗೆ ತರುವ ಕೆಲಸ.

ಆ ಮೊದಲ ವರ್ಷದ ಪುಟ ಮಿಕ್ಕ ಯಾವ ವರ್ಷದಂತೆಯೂ ಇಲ್ಲ. ಮಗು ಹುಟ್ಟಿದರೆ ತಂದೆ ತಾಯಿಯ ವಯಸ್ಸು, ಅವರು ಹುಟ್ಟಿದ ಊರು, ಅವರ ಮದುವೆ ಎಲ್ಲಿ ಯಾವಾಗ ಆಯಿತು, ಇದಕ್ಕೆ ಮೊದಲು ಎಷ್ಟು ಮಕ್ಕಳು, ಅವರಲ್ಲಿ ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂದು ಕೇಳಿದರು. ಯಾರಾದರೂ ಸತ್ತರೆ ಅವರು ಹುಟ್ಟಿದ್ದೆಲ್ಲಿ, ಈ ಊರಿಗೆ ಬಂದು ಎಷ್ಟು ಕಾಲವಾಯಿತು, ಗಂಡ ಅಥವಾ ಹೆಂಡತಿ ಯಾರು, ಹುಟ್ಟಿದ ಕ್ರಮದಲ್ಲಿ ಮಕ್ಕಳ ಹೆಸರು, ವಯಸ್ಸು, ಎಳವೆಯಲ್ಲೇ ಹೋದ ಮಕ್ಕಳಿದ್ದರೆ ಅವರದೂ ಲೆಕ್ಕ. ಹೂಳಿದ್ದು ಎಲ್ಲಿ, ಅದನ್ನು ದೃಢಪಡಿಸಿದವರು ಯಾರು ಎಂಬುದು ಕೂಡ. ಒಬ್ಬ ಮುದುಕಿಯ ಸಾವಿನ ನಮೂದಿನಲ್ಲಿ ಹೀಗೆ ಇಡೀ ಸಂಸಾರ ಬಂದು ಕೂರುತ್ತದೆ. ಅರ್ಧ ಶತಮಾನದ ಹಿಂದೆ ಮೂರು ದಿನ ಬದುಕಿದ್ದ ಕೂಸಿಗೂ ಅಲ್ಲಿ ಒಂದು ಸಾಲು ಉಂಟು. ಆ ಕೂಸಿಗೆ ಬೇರೆಲ್ಲೂ ದಾಖಲೆ ಇರಲಿಕ್ಕಿಲ್ಲ. ತಾಯಿ ಸತ್ತ ದಿನ, ಹಿರಿಯ ಮಗನೋ ಮಗಳೋ ನೆನಪಿಟ್ಟು ಹೇಳಿದ್ದರಿಂದ ಉಳಿಯಿತು.

ಇಷ್ಟನ್ನೆಲ್ಲ ಕೇಳಿ ಬರೆಯುವುದು ರಿಜಿಸ್ಟ್ರಾರರಿಗೆ ಹೊರೆಯಾಯಿತು. ಅವರಲ್ಲಿ ಎಷ್ಟೋ ಮಂದಿ ಊರಿನ ಶಾಲೆಯ ಮೇಷ್ಟ್ರು, ಬಿಡುವಿನಲ್ಲಿ ಈ ಕೆಲಸ ಮಾಡುವವರು. 1856ರಲ್ಲಿ ಕಾಲಂಗಳನ್ನು ಕತ್ತರಿಸಿದರು. ತಂದೆ ತಾಯಿಯ ಮದುವೆಯ ವಿವರ ಜನನ ದಾಖಲೆಯಿಂದ, ಗಂಡ ಹೆಂಡಿರ ಹೆಸರು ಮರಣ ದಾಖಲೆಯಿಂದ ಮಾಯವಾದವು. 1861ರಲ್ಲಿ ಅವೆರಡು ಹಿಂದಿರುಗಿದವು, ಉಳಿದದ್ದು ಹಿಂದಿರುಗಲಿಲ್ಲ. ಇದು ಗೊತ್ತಿಲ್ಲದವರು 1858ರ ಪುಟದಲ್ಲಿ ಮದುವೆಯ ತಾರೀಖು ಕಾಣದೆ, ಇವರಿಗೆ ಮದುವೆಯೇ ಆಗಿರಲಿಲ್ಲವೇನೋ ಎಂದು ಊಹಿಸಿಬಿಡುತ್ತಾರೆ. ಆ ಐದು ವರ್ಷಗಳ ಮೌನ ಫಾರಂ ಮಾಡಿದ ಮೌನ. ಅದರ ಭಾರವನ್ನು ಸತ್ತವರ ಮೇಲೆ ಹೊರಿಸುವುದು ಅನ್ಯಾಯ.

ಹುಟ್ಟಿದ ದಿನದ ಪಕ್ಕದಲ್ಲಿ ಗಂಟೆ, ನಿಮಿಷ ಬರೆದಿರುತ್ತಾರೆ. ಬೆಳಗಿನ ಮೂರು ಗಂಟೆ ಹದಿನೈದು ನಿಮಿಷ, ರಾತ್ರಿ ಹನ್ನೊಂದು ಗಂಟೆ ಹೀಗೆ. ಇಂಗ್ಲೆಂಡಿನ ದಾಖಲೆಗಳಲ್ಲಿ ಸಮಯ ಬರೆದಿದ್ದರೆ ಸಾಮಾನ್ಯವಾಗಿ ಅವಳಿ ಮಕ್ಕಳೆಂದು ಅರ್ಥ. ಆ ಅಭ್ಯಾಸದವರು ಸ್ಕಾಟ್ಲೆಂಡಿನ ಪುಟ ನೋಡಿ ಇಲ್ಲದ ಅವಳಿಯನ್ನು ಹುಡುಕುತ್ತಾರೆ. ಇಲ್ಲಿ ಪ್ರತಿ ಮಗುವಿಗೂ ಸಮಯ ಉಂಟು, ಇಂದಿಗೂ ಉಂಟು. ಗ್ಲಾಸ್ಗೋದಲ್ಲೋ ಅಬರ್ಡೀನಿನಲ್ಲೋ ಕೆಲಸಕ್ಕಿರುವ ನಮ್ಮ ಕಡೆಯ ದಂಪತಿಗೆ ಮಗು ಹುಟ್ಟಿದರೆ ಪೂರ್ಣ ಜನನ ಪತ್ರದಲ್ಲಿ ಹುಟ್ಟಿದ ಗಳಿಗೆಯೂ ಬರುತ್ತದೆ, ತಂದೆ ತಾಯಿಯ ಮದುವೆ ನಡೆದ ದಿನ, ಊರು ಕೂಡ ಬರುತ್ತದೆ. ಊರಿನಲ್ಲಿರುವ ಅಜ್ಜಿ ಜಾತಕ ಬರೆಸಲು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಗೆ ಅಲ್ಲಿನ ಸರ್ಕಾರವೇ ಉತ್ತರ ಬರೆದುಕೊಟ್ಟಿರುತ್ತದೆ. ನೂರು ವರ್ಷದ ಮೇಲೆ ಯಾರೋ ಆ ಪುಟ ತೆಗೆದಾಗ, ಮದುವೆಯ ಸ್ಥಳದ ಮುಂದೆ ಹುಬ್ಬಳ್ಳಿ ಎಂದು ಇದ್ದರೆ, ಅವರಿಗೆ ಹಿಂದಕ್ಕೆ ಹೋಗುವ ದಾರಿ ಅಲ್ಲೇ ಸಿಗುತ್ತದೆ.

ಈಗ ರುಜುವಿನ ಕಾಲಂ. ನಾನು ಅತಿ ನಿಧಾನವಾಗಿ ನೋಡುವ ಜಾಗ ಅದು. ಮಗು ಹುಟ್ಟಿದ 21 ದಿನದೊಳಗೆ, ಸಾವಾದ 8 ದಿನದೊಳಗೆ ಮನೆಯವರು ಯಾರಾದರೂ ಹೋಗಿ ಬರೆಸಬೇಕಿತ್ತು. ಹೋದವರು ರುಜು ಹಾಕಬೇಕು. ಓದು ಬರಹ ಬಾರದವರು ಗುಣಾಕಾರದ ಗುರುತು ಹಾಕುತ್ತಿದ್ದರು. ಅದರ ಅಕ್ಕಪಕ್ಕ ರಿಜಿಸ್ಟ್ರಾರರು ಅವರ ಹೆಸರು ಬರೆದು, ಇದು ಇವಳ ಗುರುತು, ಇದು ಇವನ ಗುರುತು ಎಂದು ನಮೂದಿಸುತ್ತಿದ್ದರು. ಗುರುತಿಗೆ ಸಾಕ್ಷಿಯೂ ಬೇಕಿತ್ತು. ನಮ್ಮ ಹಳೆಯ ಕರಾರು ಪತ್ರಗಳಲ್ಲಿ ಹೆಬ್ಬೆಟ್ಟು ಒತ್ತಿ ಪಕ್ಕದಲ್ಲಿ ಇಂಥವರ ಹೆಬ್ಬೆಟ್ಟಿನ ಗುರುತು ಎಂದು ಶಾನುಭೋಗರು ಬರೆದಿರುವುದನ್ನು ಕಂಡವರಿಗೆ ಇದು ಪರಿಚಿತ. ಹೆಬ್ಬೆಟ್ಟಿನಲ್ಲಿ ಮಸಿಯ ಗುರುತು ಒತ್ತಿಕೊಳ್ಳುತ್ತದೆ. ಆ ಗುಣಾಕಾರದ ಗುರುತಿನಲ್ಲಾದರೋ ಕೈ ಕಾಣುತ್ತದೆ. ಕೆಲವು ಗೀಟುಗಳು ನೇರವಾಗಿ, ಗಟ್ಟಿಯಾಗಿ ಇವೆ. ಕೆಲವು ನಡುಗಿವೆ. ಲೇಖನಿ ಹಿಡಿದು ಅಭ್ಯಾಸವಿಲ್ಲದ ಹೆಂಗಸೊಬ್ಬಳ ಕೈ ಒಂದು ಕಡೆ ಶಾಯಿ ಚೆಲ್ಲಿದೆ. ಆ ಹೆಂಗಸು ತನ್ನ ಬದುಕಿನಲ್ಲಿ ಕಾಗದದ ಮೇಲೆ ಬಿಟ್ಟುಹೋದದ್ದು ಬಹುಶಃ ಇಷ್ಟೇ.

ಆ ಗುರುತು ಇನ್ನೊಂದು ಮಾತನ್ನೂ ಹೇಳುತ್ತದೆ. ಓದಲಾರದವರಿಗೆ ತಮ್ಮ ಹೆಸರಿನ ಕಾಗುಣಿತ ತಪ್ಪಾಗಿದೆ ಎಂದು ಹೇಳಲಾಗದು. ಗೇಲಿಕ್ ಮಾತಾಡುವ ಎತ್ತರದ ನಾಡಿನವರು ಗ್ಲಾಸ್ಗೋದ ಗಿರಣಿಗಳಿಗೆ ಬಂದಾಗ, ಐರ್ಲೆಂಡಿನಿಂದ ದುಡಿಯಲು ಬಂದವರು ಲ್ಯಾನಾರ್ಕ್‌ಶೈರಿನ ಗಣಿಗಳಲ್ಲಿ ನೆಲೆಸಿದಾಗ, ಅವರ ಮನೆತನದ ಹೆಸರನ್ನು ರಿಜಿಸ್ಟ್ರಾರ್ ತನ್ನ ಕಿವಿಗೆ ಕೇಳಿಸಿದ ಹಾಗೆ ಬರೆದ. ಒಂದೇ ತಂದೆ ತಾಯಿಯ ಮೂರು ಮಕ್ಕಳ ಹೆಸರು ಮೂರು ಬಗೆಯಾಗಿ ಇರುವುದಕ್ಕೆ ಕಾರಣ ಹುಡುಕುವವರು ಮೊದಲು ರುಜುವಿನ ಕಾಲಂ ನೋಡಬೇಕು. ಅಲ್ಲಿ ಗುಣಾಕಾರದ ಗುರುತು ಇದ್ದರೆ ಉತ್ತರ ಸಿಕ್ಕಿತು.

ರುಜುವಿನ ಕೆಳಗೆ ಆ ವ್ಯಕ್ತಿಯ ಸಂಬಂಧ ಬರೆದಿರುತ್ತದೆ: ತಂದೆ, ತಾಯಿ, ಮಗ, ಅಳಿಯ, ನೆರೆಯವರು. ಅದರ ಮುಂದೆ ಕಂಸದಲ್ಲಿ ಪ್ರೆಸೆಂಟ್ ಎಂದು ಇದ್ದರೆ, ಹುಟ್ಟುವಾಗ ಅಥವಾ ಸಾಯುವಾಗ ಅವರು ಅಲ್ಲೇ ಇದ್ದರು ಎಂದು ಅರ್ಥ. ಇರಲಿಲ್ಲವಾದರೆ ನಾಟ್ ಪ್ರೆಸೆಂಟ್. ಕಾನೂನಿನ ದೃಷ್ಟಿಯಲ್ಲಿ ಇದು ಸಾಕ್ಷ್ಯದ ತೂಕ ತಿಳಿಯಲು ಇಟ್ಟ ಪದ. ನನಗೆ ಅದು ಒಂದು ಮನೆಯ ಒಳಗನ್ನು ತೋರಿಸುತ್ತದೆ. ತಾಯಿ ಸತ್ತಾಗ ಮಗ ಪ್ರೆಸೆಂಟ್. ಕೂಸು ಹುಟ್ಟಿದಾಗ ತಂದೆ ನಾಟ್ ಪ್ರೆಸೆಂಟ್; ಅವನ ಕಸುಬಿನ ಜಾಗದಲ್ಲಿ ನಾವಿಕ ಎಂದಿದ್ದರೆ ಏಕೆಂದು ಕೇಳಬೇಕಾಗಿಲ್ಲ. ಆಗಿನ ಒಂಟಿ ಕೋಣೆಯ ಮನೆಗಳಲ್ಲಿ ಪ್ರೆಸೆಂಟ್ ಎನ್ನುವ ತಂದೆ ಎಲ್ಲಿ ನಿಂತಿದ್ದ, ಬೇರೆ ಮಕ್ಕಳನ್ನು ಎಲ್ಲಿಗೆ ಕಳಿಸಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಜನನ ಪುಟಗಳಲ್ಲಿ ಮಗುವಿನ ಹೆಸರಿನ ಕೆಳಗೆ, ಕೆಲವು ಸಲ ಕಂಸದಲ್ಲಿ, ಅಕ್ರಮ ಸಂತಾನ ಎಂಬ ಅರ್ಥದ ಇಂಗ್ಲಿಷ್ ಪದ ಕಾಣುತ್ತದೆ. ಮದುವೆಯಾಗದ ತಾಯಿಯ ಮಗುವಿಗೆ ಆ ಪದ ಬರೆಯಲೇಬೇಕಿತ್ತು. ತಂದೆಯ ಜಾಗ ಖಾಲಿ. ಅವನು ತಾನೇ ತಾಯಿಯ ಜೊತೆ ಕಚೇರಿಗೆ ಬಂದು, ಇಬ್ಬರೂ ಸೇರಿ ರುಜು ಹಾಕಿದರೆ ಮಾತ್ರ ಅವನ ಹೆಸರು ಬರೆಯುತ್ತಿದ್ದರು. ಹೀಗಾಗಿ ಒಂದು ಪುಟದಲ್ಲಿ ಆ ಪದವೂ ಇದ್ದು, ಕೆಳಗೆ ಇಬ್ಬರ ರುಜುವೂ ಇದ್ದರೆ, ಒಬ್ಬ ಗಂಡಸು ಊರಿನವರ ಕಣ್ಣೆದುರು ನಡೆದು ಬಂದು ಇದು ನನ್ನ ಮಗು ಎಂದ ದಾಖಲೆ ಅದು. ಬರೀ ಕಾಲಂ ಓದುವವರಿಗೆ ಕಳಂಕ ಕಂಡ ಕಡೆ, ರುಜು ಓದುವವರಿಗೆ ಒಬ್ಬ ಹೊಣೆಗಾರ ಕಾಣುತ್ತಾನೆ.

ಆ ಒಂದು ಪದ ಏನು ಮಾಡಬಲ್ಲದು ಎನ್ನುವುದಕ್ಕೆ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಜನನ ದಾಖಲೆ ಸಾಕ್ಷಿ. ದುಂಡುಮೇಜಿನ ಪರಿಷತ್ತಿನ ಅಧ್ಯಕ್ಷರಾಗಿ, 1932ರ ಕೋಮು ತೀರ್ಪಿನ ಕರ್ತೃವಾಗಿ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಹೆಸರು ಅದು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಆ ಪರಿಷತ್ತಿನಲ್ಲಿ ಕುಳಿತಿದ್ದರು. ಮ್ಯಾಕ್‌ಡೊನಾಲ್ಡ್ ಹುಟ್ಟಿದ್ದು 1866ರ ಅಕ್ಟೋಬರ್ 12ರಂದು, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಲಾಸಿಮೌತ್ ಎಂಬ ಮೀನುಗಾರರ ಊರಿನಲ್ಲಿ, ಅಜ್ಜಿಯ ಎರಡು ಕೋಣೆಯ ಮನೆಯಲ್ಲಿ. ತಾಯಿ ಆನ್ ರಾಮ್ಸೆ ಮನೆಗೆಲಸದವಳು, ತಂದೆ ಜಾನ್ ಮ್ಯಾಕ್‌ಡೊನಾಲ್ಡ್ ಹೊಲದ ಆಳು. ಮದುವೆ ಆಗಿರಲಿಲ್ಲ. ಪುಸ್ತಕದಲ್ಲಿ ಮಗುವಿನ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರಾಮ್ಸೆ ಎಂದಾಯಿತು, ಜೊತೆಗೆ ಆ ಪದ. ಹುಡುಗ ಬೆಳೆದ, ಓದಿದ, ಲಂಡನ್ನಿಗೆ ಹೋದ, ಲೇಬರ್ ಪಕ್ಷ ಕಟ್ಟಿದವರಲ್ಲಿ ಒಬ್ಬನಾದ. ಮೊದಲ ಮಹಾಯುದ್ಧ ಬಂದಾಗ ಅದನ್ನು ವಿರೋಧಿಸಿದ. ಹೊರೇಷಿಯೋ ಬಾಟಮ್ಲಿ ನಡೆಸುತ್ತಿದ್ದ ಜಾನ್ ಬುಲ್ ಪತ್ರಿಕೆ 1915ರ ಸೆಪ್ಟೆಂಬರಿನಲ್ಲಿ ಆ ಜನನ ಪತ್ರದ ನಕಲನ್ನು ಅಚ್ಚು ಹಾಕಿತು. ಯುದ್ಧ ಬೇಡ ಎಂದವನ ಬಾಯಿ ಮುಚ್ಚಿಸಲು ಅವನ ತಾಯಿಯ ಇಪ್ಪತ್ತರ ಹರೆಯದ ಒಂದು ಘಟನೆಯನ್ನು ದೇಶದ ಮುಂದೆ ಎಳೆದು ತಂದರು. ತನ್ನನ್ನು ರಾಮ್ಸೆ ಎಂಬ ಹೆಸರಿನಲ್ಲಿ ನೋಂದಾಯಿಸಿದ್ದು ಅಲ್ಲಿಯವರೆಗೆ ತನಗೇ ಗೊತ್ತಿರಲಿಲ್ಲ ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಒಂಬತ್ತು ವರ್ಷದೊಳಗೆ, 1924ರ ಜನವರಿಯಲ್ಲಿ, ಆ ಮಗುವೇ ಬ್ರಿಟನ್ನಿನ ಮೊದಲ ಲೇಬರ್ ಪ್ರಧಾನಿ. ಅವರ ರಾಜಕಾರಣವನ್ನು ನಾವು ಒಪ್ಪಬಹುದು, ಬಿಡಬಹುದು. ಆ ಪುಟವನ್ನು ಹಾಗೆ ಬಳಸಿದ್ದು ನೀಚ ಕೆಲಸ. ಸ್ಕಾಟ್ಲೆಂಡಿನ ಪುಸ್ತಕಗಳಲ್ಲಿ ಆ ಪದವನ್ನು ಬರೆಯುವುದು 1919ರವರೆಗೂ ನಡೆದೇ ಇತ್ತು.

ಒಬ್ಬರ ಮನೆತನದ ದಾಖಲೆ ಓದುವಾಗ ಈ ಸಂಗತಿ ನನ್ನ ಮನಸ್ಸಿನಲ್ಲಿ ಇರುತ್ತದೆ. ಆ ತಾಯಂದಿರು ನಮಗಾಗಿ ಬರೆಸಲಿಲ್ಲ. ಕಾನೂನು ಕರೆಯಿತು, ಹೋದರು, ಕೇಳಿದ್ದಕ್ಕೆ ಉತ್ತರ ಕೊಟ್ಟು ಕೂಸನ್ನು ಎತ್ತಿಕೊಂಡು ಮನೆಗೆ ನಡೆದರು. ನಮಗೆ ಅದನ್ನು ಓದುವ ಹಕ್ಕು ಕಾಲ ಕಳೆದದ್ದರಿಂದ ಬಂದದ್ದು. ಸ್ಕಾಟ್ಲೆಂಡಿನವರು ಇದಕ್ಕೊಂದು ಮಿತಿ ಇಟ್ಟುಕೊಂಡಿದ್ದಾರೆ: ಜನನದ ಪುಟಗಳ ಚಿತ್ರ ಅಂತರ್ಜಾಲದಲ್ಲಿ ಸಿಗುವುದು 100 ವರ್ಷ ಕಳೆದ ಮೇಲೆ, ವಿವಾಹದ್ದು 75, ಮರಣದ್ದು 50. ಈ ಅಂತರ ನನಗೆ ಸರಿ ಎನ್ನಿಸುತ್ತದೆ.

ಇನ್ನು ಎಡ ಅಂಚು. ರಿಜಿಸ್ಟ್ರಾರ್ ರುಜು ಹಾಕಿದ ಮೇಲೆ ನಮೂದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಮುಂದೆ ಹೊಸ ವಿಷಯ ತಿಳಿದರೆ ಏನು ಮಾಡಬೇಕು? ಅದಕ್ಕೆಂದೇ 1855ರಿಂದಲೂ ಪ್ರತ್ಯೇಕವಾಗಿ ತಿದ್ದುಪಡಿಗಳ ಪುಸ್ತಕವೊಂದನ್ನು ಇಟ್ಟರು. ಇಂಗ್ಲಿಷಿನಲ್ಲಿ ಅದರ ಹೆಸರಿನ ಮೊದಲಕ್ಷರಗಳು ಆರ್.ಸಿ.ಇ. ಹೊಸ ಸಂಗತಿಯನ್ನು ಆ ಪುಸ್ತಕದಲ್ಲಿ ಬರೆದು, ಮೂಲ ನಮೂದಿನ ಎಡ ಅಂಚಿನಲ್ಲಿ ಇಂಥ ಸಂಪುಟ, ಇಂಥ ಪುಟ, ಇಂಥ ದಿನ ಎಂದು ಗುರುತು ಹಾಕಿ ರಿಜಿಸ್ಟ್ರಾರ್ ರುಜು ಮಾಡುತ್ತಾರೆ. ಮೊದಲು ಹೇಳಿದ್ದೂ ಇದೆ, ಆಮೇಲೆ ತಿಳಿದದ್ದೂ ಇದೆ. ಎರಡರ ನಡುವೆ ಕಳೆದ ಕಾಲ ಕೂಡ ತಾರೀಖುಗಳಲ್ಲಿ ಇದೆ.

ತಂದೆಯ ಜಾಗ ಖಾಲಿ ಇದ್ದ ಮಗುವಿನ ಪಕ್ಕದಲ್ಲಿ ಇಂಥ ಗುರುತು ಇದ್ದರೆ, ತಾಯಿ ಶೆರಿಫ್ ನ್ಯಾಯಾಲಯಕ್ಕೆ ಹೋಗಿ ಮಗುವಿನ ತಂದೆ ಇವನೇ ಎಂದು ಸಾಧಿಸಿದ್ದಾಳೆ ಎಂದಿರಬಹುದು. ತೀರ್ಪನ್ನು ನ್ಯಾಯಾಲಯದ ಗುಮಾಸ್ತ ರಿಜಿಸ್ಟ್ರಾರರಿಗೆ ತಿಳಿಸುತ್ತಿದ್ದ. ಮನೆಗೆಲಸದ ಹುಡುಗಿಯೊಬ್ಬಳು ವಕೀಲರ ಮುಂದೆ, ನ್ಯಾಯಾಧೀಶರ ಮುಂದೆ ನಿಂತು ಹೇಳಬಾರದ್ದನ್ನೆಲ್ಲ ಹೇಳಿ ಗೆದ್ದು ಬಂದದ್ದು ಆ ಅರ್ಧ ಸಾಲಿನಲ್ಲಿದೆ. ಇಲ್ಲವೇ ತಂದೆ ತಾಯಿ ಆಮೇಲೆ ಮದುವೆಯಾಗಿರಬಹುದು. ಸ್ಕಾಟ್ಲೆಂಡಿನ ಕಾನೂನು ಹಿಂದಿನಿಂದಲೂ ಅಂಥ ಮಗುವನ್ನು ಸಕ್ರಮವೆಂದು ಒಪ್ಪುತ್ತಿತ್ತು. ಇಂಗ್ಲೆಂಡು ಆ ಮಾತಿಗೆ ಬಂದದ್ದು 1926ರಲ್ಲಿ.

ಮರಣದ ಪುಟದ ಅಂಚಿನ ಗುರುತು ಹೆಚ್ಚಾಗಿ ಹಠಾತ್ ಸಾವಿನದು. ಸ್ಕಾಟ್ಲೆಂಡಿನಲ್ಲಿ ಕೊರೋನರ್ ಇಲ್ಲ. ಅನುಮಾನದ, ಅಪಘಾತದ ಸಾವುಗಳನ್ನು ಪ್ರಾಕ್ಯುರೇಟರ್ ಫಿಸ್ಕಲ್ ಎಂಬ ಅಧಿಕಾರಿ ವಿಚಾರಿಸುತ್ತಾನೆ. ಮೊದಲ ನಮೂದಿನಲ್ಲಿ ಕಾರಣ ಗೊತ್ತಿಲ್ಲ ಎಂದೋ, ನೀರಿನಲ್ಲಿ ಸಿಕ್ಕ ದೇಹ ಎಂದೋ ಇರುತ್ತದೆ. ವಿಚಾರಣೆ ಮುಗಿದ ಮೇಲೆ ತಿದ್ದುಪಡಿ ಪುಸ್ತಕದಲ್ಲಿ ನಿಜವಾದ ಕಾರಣ, ಕೆಲವು ಸಲ ಸತ್ತವನ ಹೆಸರು ಕೂಡ, ಬಂದು ಸೇರುತ್ತದೆ. 1877ರ ಅಕ್ಟೋಬರ್ 22ರಂದು ಲ್ಯಾನಾರ್ಕ್‌ಶೈರಿನ ಬ್ಲಾಂಟೈರ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 207 ಮಂದಿ ಸತ್ತರು. ಸ್ಕಾಟ್ಲೆಂಡಿನ ಗಣಿಗಳ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದುರಂತವಿಲ್ಲ. ಅಂಥ ಊರುಗಳಲ್ಲಿ ಪೂರ್ವಿಕರನ್ನು ಹುಡುಕುವವರು ಸಾವಿನ ಕಾಲಂನಲ್ಲೇ ನಿಂತುಬಿಡಬಾರದು.

ಮದುವೆಯ ಪುಟಗಳ ಬಗ್ಗೆ ಎರಡೇ ಮಾತು. ಚರ್ಚಿನಲ್ಲಿ ಮೂರು ಸಲ ಕೂಗಿ ಹೇಳಿ ಆದ ಮದುವೆಗೆ ಹಾಗೆಂದೇ ಬರೆದಿರುತ್ತದೆ. ಶೆರಿಫ್ ವಾರಂಟಿನ ಮೇರೆಗೆ ಎಂದಿದ್ದರೆ, ಪಾದ್ರಿಯಿಲ್ಲದೆ ಇಬ್ಬರು ಸಾಕ್ಷಿಗಳ ಮುಂದೆ ತಾವು ಗಂಡ ಹೆಂಡತಿ ಎಂದು ಹೇಳಿಕೊಂಡು, ಆಮೇಲೆ ನೋಂದಾಯಿಸಿದವರು. ಅದು ಅಪರಾಧವಲ್ಲ, 1940ರವರೆಗೆ ಕಾನೂನು ಒಪ್ಪಿದ ಮದುವೆಯೇ. ಹೆಂಗಸರ ಹೆಸರಿನ ಬಳಿ ಎಂ.ಎಸ್. ಎಂದಿದ್ದರೆ ಅದು ತವರಿನ ಮನೆತನದ ಹೆಸರು. ಸ್ಕಾಟ್ಲೆಂಡಿನ ಹೆಂಗಸು ಮದುವೆಯ ಮೇಲೂ ಆ ಹೆಸರನ್ನು ಕಳೆದುಕೊಳ್ಳಲಿಲ್ಲ. ಸತ್ತಾಗ ಅವಳ ತಂದೆಯ ಜೊತೆಗೆ ತಾಯಿಯ ಹೆಸರು, ತಾಯಿಯ ತವರಿನ ಹೆಸರು ಸಹಿತ, ಬರೆಯುತ್ತಿದ್ದರು. ಹೆಣ್ಣುಮಕ್ಕಳ ದಾರಿಯಲ್ಲಿ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಇಷ್ಟು ಉದಾರವಾದ ದಾಖಲೆ ಸಿಗುವುದು ಅಪರೂಪ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಂಡ ಗುರುತಿಗೆಲ್ಲ ಕಥೆ ಕಟ್ಟಬಾರದು. ಪ್ರತಿ ಪುಸ್ತಕವನ್ನೂ ಎರಡು ಪ್ರತಿಯಲ್ಲಿ ಬರೆಯುತ್ತಿದ್ದರು, ಒಂದು ಊರಿಗೆ, ಒಂದು ಎಡಿನ್‌ಬರೋಗೆ. ಪರೀಕ್ಷಕರು ಊರೂರು ತಿರುಗಿ ಅವುಗಳನ್ನು ತಪಾಸಣೆ ಮಾಡುತ್ತಿದ್ದರು. ಕಚೇರಿಯ ಕೈಗಳು ಹಾಕಿದ ಸರಿ ಗುರುತು, ಸಣ್ಣ ಚುಕ್ಕೆ, ಹೊಡೆದು ಹಾಕಿದ ಪದದ ಪಕ್ಕದ ಮೊದಲಕ್ಷರ, ಇವೆಲ್ಲ ಕೆಲಸದ ಗುರುತುಗಳು. ಊರಿನ ಹೆಸರಿನ ಜೊತೆ ಬರುವ ಅಂಕಿ ನೋಂದಣಿ ಜಿಲ್ಲೆಯ ಸಂಖ್ಯೆ, ಉತ್ತರದ ಶೆಟ್ಲೆಂಡ್ ದ್ವೀಪಗಳಿಂದ ಆರಂಭಿಸಿ ದಕ್ಷಿಣಕ್ಕೆ ಇಳಿಯುವ ಎಣಿಕೆ. ಅವುಗಳಲ್ಲಿ ಗುಟ್ಟಿಲ್ಲ. ಗುಟ್ಟಿಲ್ಲದ ಕಡೆ ಗುಟ್ಟು ಹುಡುಕುವುದು ಸತ್ತವರಿಗೆ ಮಾಡುವ ಇನ್ನೊಂದು ಅನ್ಯಾಯ.

ಎಡಿನ್‌ಬರೋದ ನ್ಯೂ ರಿಜಿಸ್ಟರ್ ಹೌಸಿನ ಗುಮ್ಮಟದ ಕೆಳಗೆ ಈ ಸಂಪುಟಗಳಿವೆ. ಜನನಕ್ಕೆ ಕೆಂಪು ರಟ್ಟು, ವಿವಾಹಕ್ಕೆ ಹಸಿರು, ಮರಣಕ್ಕೆ ಕಪ್ಪು. ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಅಲ್ಲಿನ ಸರ್ಕಾರಿ ತಾಣದಲ್ಲಿ ಹಣ ಕೊಟ್ಟರೆ ಪುಟದ ಚಿತ್ರ ಸಿಗುತ್ತದೆ. ಜನನ, ಮರಣದ ಪುಟಗಳಿಗೆ ಮಾಹಿತಿ ಕೊಟ್ಟವರು ಕೈಯಾರೆ ರುಜು ಹಾಕಿದ್ದರಿಂದ ಚಿತ್ರದಲ್ಲಿ ಕಾಣುವುದು ಗುಮಾಸ್ತನ ನಕಲಲ್ಲ, ಅವರದೇ ಕೈ. ಬೇರೆಯವರು ಓದಿ ತಯಾರಿಸಿದ ಪಟ್ಟಿಯಲ್ಲಿ ಹೆಸರು, ವರ್ಷ, ಊರು ಇರುತ್ತವೆ. ಕಂಸದ ಪದ ಇರುವುದಿಲ್ಲ, ಗುಣಾಕಾರದ ಗುರುತು ಇರುವುದಿಲ್ಲ, ಅಂಚಿನ ಸಾಲು ಇರುವುದಿಲ್ಲ. ಆದ್ದರಿಂದ ನಿಮ್ಮವರನ್ನೋ ನಿಮ್ಮ ಸ್ನೇಹಿತರ ಕಡೆಯವರನ್ನೋ ಅಲ್ಲಿ ಹುಡುಕುವುದಾದರೆ, ಪಟ್ಟಿಯನ್ನು ನಂಬಿ ನಿಲ್ಲಬೇಡಿ, ಪುಟದ ಚಿತ್ರವನ್ನೇ ತರಿಸಿ. ಅಂಚಿನಲ್ಲಿ ತಿದ್ದುಪಡಿ ಪುಸ್ತಕದ ಗುರುತು ಕಂಡರೆ ಆ ಪುಟವನ್ನೂ ತೆಗೆದು ಓದಿ. ವಂಶಾವಳಿಯಲ್ಲಿ ತಂದೆಯ ಜಾಗವನ್ನು ಖಾಲಿ ಬಿಡುವುದು ಅದಾದ ಮೇಲೆ.